ಗಾಯರಾಣದ ಇಗರ್ಜಿಗಳು

ನಮ್ಮ ಸೋದರಮಾವನ ಮನೆಯಲ್ಲಿ ಇರುವಷ್ಟು ಚರ್ಚುಗಳು ರೋಮಿನಲ್ಲೂ ಇರಲಾರವು! ನಗಬೇಡಿ. ಮುದ್ದೇಬಿಹಾಳದ ಆ ಮನೆಯ ಪಡಸಾಲೆಯಲ್ಲಿ ನಾನೇ ಎಣಿಸಿದ್ದೇನೆ, ನಲವತ್ತು. ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಮೇಲೆ ತೂಗುತ್ತಿದ್ದದ್ದು ಬೇರೆ. ಎಲ್ಲವೂ ಕಪ್ಪು-ಬಿಳುಪು ಫೋಟೋಗಳು, ಎಲ್ಲಕ್ಕೂ ಮರದ ಕಟ್ಟು, ಎಲ್ಲದರ ಗಾಜಿನ ಮೇಲೂ ಅತ್ತೆ ಎಳೆದ ಮೂರು ಬೆರಳಿನ ವಿಭೂತಿ!

ಮಾಮಾ ಫೋಟೋಗಳಿಗೆ ಕಟ್ಟು ಹಾಕುವವನು. ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ. ಗಾಜು ಕೊಯ್ಯುವುದರಲ್ಲಿ ಇಂಡಿ, ಸಿಂದಗಿ ಎಲ್ಲ ತಿರುಗಿದರೂ ತನ್ನಂಥ ಕೈ ಸಿಗುವುದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ನಿಜವೇ ಅನ್ನಿ. ಆದರೆ ಆ ಕೈ ಒಂದು ದಿನ ಕೈಕೊಟ್ಟಿತು.

ದವಾಖಾನೆಯ ಸಿಸ್ಟರೊಬ್ಬರು ಹಳೆಯ ಪಟವೊಂದನ್ನು ತಂದಿದ್ದರು. ಮಂಗಳೂರು ಕಡೆಯವರು, ನಮ್ಮೂರಿಗೆ ಬಂದು ಅರ್ಧ ಆಯುಷ್ಯ ಕಳೆದವರು. ಪಟದಲ್ಲಿದ್ದದ್ದು ಅವರ ಹಳ್ಳಿಯ ಚರ್ಚು, ಅವರ ಮಾತಿನಲ್ಲಿ ಇಗರ್ಜಿ. ಅದನ್ನು ಕೆಡವಿ ಅಲ್ಲಿ ಹೊಸದನ್ನು ಕಟ್ಟಿಯಾಗಿತ್ತು. ಹಳೆಯದರ ಗುರುತಾಗಿ ಸಿಸ್ಟರ ಬಳಿ ಉಳಿದದ್ದು ಈ ಒಂದೇ ಫೋಟೋ. ಅದು ತೇವಕ್ಕೆ ಗಾಜಿಗೆ ಅಂಟಿಕೊಂಡಿತ್ತು. "ಚಿಂತಿ ಬಿಡ್ರಿ ಸಿಸ್ಟರ್" ಎಂದು ಮಾಮಾ ಎಳೆದ. ಕಾಗದ ಚೂರುಚೂರಾಗಿ ಬಂತು! ಗಾಜಿನ ಮೇಲೆ ಉಳಿದದ್ದು ಗೋಪುರವೊಂದೇ, ಅದರ ಮೂರು ಕಿಟಕಿಗಳ ಸಮೇತ.

ಸಿಸ್ಟರು ಬೈಯಲಿಲ್ಲ. "ಇರಲಿ ಮಾರಾಯ್ರೇ" ಎಂದು ಕಣ್ಣೊರೆಸಿಕೊಂಡು ಹೋದರು.

"ಬೈದಿದ್ರ ಪಾಡಿತ್ತು" ಎಂದು ಮಾಮಾ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಎದ್ದು, "ಅದ ಇಗರ್ಜಿ ಹುಡುಕಿ, ಕಟ್ಟು ಹಾಕಿ ಅವರ ಕೈಯಾಗ ಕೊಡ್ತೇನಿ!" ಎಂದ. ಎಲ್ಲಿಂದ ಹುಡುಕುತ್ತಾನಂತೆ? ಮುದ್ದೇಬಿಹಾಳದಿಂದ!

ಆಗ ತಾನೇ ಊರಿಗೆ ನೆಟ್ ಸೆಂಟರ್ ಬಂದಿತ್ತು. ಬಸವನ ಬಾಗೇವಾಡಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ಪ್ರತಿ ರವಿವಾರ ಬಸ್ ಹಿಡಿದು ಬರಬೇಕು, ಮೌಸ್ ಹಿಡಿಯಬೇಕು. ಯಾವುದೋ ಪರದೇಶದ ಸಂಗ್ರಹದವರು ಪಾದ್ರಿಗಳ ಕಾಲದ ಫೋಟೋಗಳನ್ನು ರಾಶಿಗಟ್ಟಲೆ ಹಾಕಿದ್ದರು.

"ಮಾಮಾ, ಇವು ಯಾರ ಹೆಸರಿಗೂ ಇಲ್ಲ. ಯಾರು ಬೇಕಾದ್ರೂ ತಗೋಬಹುದು. ಇದಕ್ಕೊಂದು ಕಾಯ್ದೆ ಐತಿ, ಏನಂದ್ರ..."

"ಗಾಯರಾಣ ಅನ್ನು!"

ಊರಿನ ದನಕರುಗಳೆಲ್ಲ ಮೇಯುವ, ಯಾರ ಹೆಸರಿಗೂ ಇಲ್ಲದ ಹುಲ್ಲುಗಾವಲಿಗೆ ನಮ್ಮ ಕಡೆ ಗಾಯರಾಣ ಎನ್ನುತ್ತೇವೆ. ನಾನು ಅರ್ಧ ತಾಸು ಹೇಳಲು ಹೊರಟಿದ್ದ ಕಾಯ್ದೆಯನ್ನು ಮಾಮಾ ಒಂದೇ ಮಾತಿನಲ್ಲಿ ಮುಗಿಸಿದ್ದ! ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ, "ಗಾಯರಾಣದಾಗ ಮತ್ತೆರಡು ಇಗರ್ಜಿ ಸಿಕ್ಕಾವ್ರಿ!" ಎನ್ನುವುದು. ಹೊರ್ತಿಯಿಂದ ಬಂದಿದ್ದ ಹಿರಿಯರೊಬ್ಬರು ಗಾಬರಿಯಾಗಿ ಕೇಳಿದರು: "ಸರ್ವೇ ನಂಬರ್ ಎಷ್ಟ್ರಿ?"

ಸಿಕ್ಕಿದ್ದನ್ನು ಸುಮ್ಮನೆ ಕಾಗದದಲ್ಲಿ ತೋರಿಸಿದರಾಗದೇ? ಆಗದು! "ಕಟ್ಟಿಲ್ದ ಫೋಟೋ ಒಯ್ಯೂದಂದ್ರ ರುಮಾಲ ಬಿಟ್ಟು ಬೀಗರ ಮನಿಗಿ ಹೋದಂಗ" ಎಂದು ಮೊದಲು ಕಟ್ಟು ಹಾಕುತ್ತಿದ್ದ, ಆಮೇಲೆ ದವಾಖಾನೆಗೆ ಒಯ್ಯುತ್ತಿದ್ದ. ಸಿಸ್ಟರು ಕನ್ನಡಕ ಏರಿಸಿ ನೋಡುತ್ತಿದ್ದರು. "ಅಲ್ಲ ಮಾರಾಯ್ರೇ, ಇದಕ್ಕೆ ಎರಡು ಗೋಪುರ ಉಂಟು." ಇನ್ನೊಂದು ಸಲ, "ಇಲ್ಲಿ ನೆಲದಲ್ಲಿ ಬಿದ್ದದ್ದು ಹಿಮ ಅಲ್ವಾ?" ಮಾಮಾ ಅದನ್ನು ಹತ್ತಿ ಎಂದುಕೊಂಡಿದ್ದ!

ಅಲ್ಲ ಎನಿಸಿಕೊಂಡ ಪಟಗಳನ್ನು ಏನು ಮಾಡುವುದು? ಚರ್ಚೆಂದರೂ ದೇವರು ಇರುವ ಮನೆಯೇ, ಎಸೆಯುವ ಹಾಗಿಲ್ಲ. ಹಾಗಾಗಿ ಗೋಡೆಗೆ. ಗೋಡೆಗೇರಿದ ಮೇಲೆ ಅತ್ತೆ ಬಿಟ್ಟಾಳೆಯೇ? ದಿನವೂ ಊದುಬತ್ತಿ. ಅದರಲ್ಲಿ ಒಂದು ಚರ್ಚೇ ಅಲ್ಲ, ಯಾವುದೋ ಊರಿನ ರೈಲ್ವೆ ಸ್ಟೇಶನ್ ಎಂದು ಮೂರು ತಿಂಗಳ ಮೇಲೆ ನಾನು ಕಂಡುಹಿಡಿದೆ. ಅತ್ತೆ ವಿಭೂತಿ ನಿಲ್ಲಿಸಲಿಲ್ಲ. "ಇರ್ಲಿ ಬಿಡು, ಊರಿಗಿ ಹೋಗಾವ್ರು ಸುಖವಾಗಿ ಮುಟ್ಟಲಿ."

ಕೊನೆಗೆ ಸಿಸ್ಟರು ನಿವೃತ್ತರಾಗಿ ಊರಿಗೆ ಹೊರಟ ದಿನ ಬಂತು. ಮಾಮಾ ಹೊಸ ಪಟವೊಂದನ್ನು ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದ. ನಾನೂ ಹಿಂದೆ ಓಡಿದೆ. ಸಿಸ್ಟರು ಪಟವನ್ನು ನೋಡಿದರು, ಆಮೇಲೆ ಮಾಮಾನ ಮುಖವನ್ನು ನೋಡಿದರು.

"ಇದೇ ಮಾರಾಯ್ರೇ! ಇದೇ ನಮ್ಮ ಇಗರ್ಜಿ!"

ಪಟವನ್ನು ಎದೆಗವಚಿಕೊಂಡೇ ಬಸ್ ಹತ್ತಿದರು. ನಾನಂತೂ ಕುಣಿಯುವುದೊಂದು ಬಾಕಿ! ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದಳು. ಮಾಮಾ ಮಾತ್ರ ಸುಮ್ಮನೆ ಅಂಗಡಿಗೆ ಹೋಗಿ ಕುಳಿತ.

ಮುಂದಿನ ರವಿವಾರ ಅವನು ಮತ್ತೆ ಅಂಗಿ ತೊಟ್ಟು ಸಿದ್ಧನಾಗಿದ್ದ. "ಇನ್ನೆಲ್ಲಿಗೆ ಮಾಮಾ? ಸಿಕ್ತಲ್ಲ!" ಎಂದೆ. ಅವನು ಡ್ರಾವರಿನಿಂದ ಅರಿವೆಯಲ್ಲಿ ಸುತ್ತಿಟ್ಟ ಗಾಜನ್ನು ತೆಗೆದ. ಅದೇ ಗಾಜು, ಅದೇ ಗೋಪುರ.

"ಎಷ್ಟು ಕಿಟಕಿ ಅದಾವ?"

"ಮೂರು."

"ನಾ ಕೊಟ್ಟದ್ದರಾಗ ಎರಡ ಇದ್ದುವು. ಅಲ್ಲ ಅನ್ನೂದು ಗೊತ್ತಿತ್ತು. ಹೊಂಟ ದಿನ ಬರಿಗೈಲೆ ಹೆಂಗ ಹೋಗಲಿ ಅಂತ ಒಯ್ದೆ. ಅವರು ಹೌದು ಅಂದುಬಿಟ್ರು."

ನಾನು ಬಗ್ಗಿ ಗಾಜಿನ ಮೇಲಿನ ಕಿಟಕಿಗಳನ್ನು ಮತ್ತೊಮ್ಮೆ ಎಣಿಸಿದೆ.

"ಅವರು ನನ್ನ ಮಾಫ್ ಮಾಡ್ಯಾರ" ಎಂದ ಮಾಮಾ, ಗಾಜನ್ನು ಕೂಸಿನ ಹಾಗೆ ಸುತ್ತುತ್ತ. "ನನ್ನ ನಾ ಇನ್ನಾ ಮಾಡಿಲ್ಲ. ನಡಿ, ನೆಟ್ ಸೆಂಟರ್ ಬಾಗಿಲಾ ತಗದಿರ್ತಾರ."

ಅವನ ಹಿಂದೆ ಎದೆಯುಬ್ಬಿಸಿ ನಡೆದೆ, ಮೌಸ್ ಹಿಡಿಯಲು.