ನೇರ ರಸ್ತೆಯಲ್ಲಿ ದಾರಿ ತಪ್ಪಿದ್ದು

“ಮ್ಯಾಪಾ? ಒಂದೇ ರೋಡು ಕಣೇ, ಗೆರೆ ಎಳೆದ ಹಾಗೆ! ತಪ್ಪಿಸ್ಕೋಬೇಕು ಅಂದ್ರೂ ತಿರುವು ಸಿಗಲ್ಲ!”

೧೯೭೮ರಲ್ಲಿ ಪರ್ತ್‌ನ ಮನೆ ಖಾಲಿ ಮಾಡಿ, ಸೋಮವಾರ ಬೆಳಿಗ್ಗೆ ಅಡಿಲೇಡಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಲು ಹೊರಟ ಡಾಕ್ಟರ್ ಪಂಚಾಕ್ಷರಿ ಹೀಗೆ ಘೋಷಿಸಿಯೇ ಸ್ಟಿಯರಿಂಗ್ ಹಿಡಿದಿದ್ದರು. ಪಕ್ಕದಲ್ಲಿ ಹೆಂಡತಿ ವಿಶಾಲಾಕ್ಷಿ, ಹಿಂದೆ ಎಂಟು ವರ್ಷದ ಮಗಳು ಪದ್ಮಾ, ಉಳಿದ ಜಾಗದ ತುಂಬ ಪಾತ್ರೆ.

ಎರಡನೆಯ ದಿನ ಮರುಭೂಮಿ. ರಸ್ತೆ ಒಂದು ಕೊಂಕೂ ಇಲ್ಲದೆ ಅಂಗಾತ ಮಲಗಿತ್ತು. ಹಿಂದೆ ನೋಡಿದರೂ ಮುಂದೆ ನೋಡಿದರೂ ಅದೇ ಕೆಂಪು ಮಣ್ಣು, ಅದೇ ಕುರುಚಲು. ಮಧ್ಯಾಹ್ನ ಊಟಕ್ಕೆ ನಿಂತರೆ ಗಾಳಿಗೆ ಚಿತ್ರಾನ್ನವೇ ಹಾರತೊಡಗಿತು. ಪಂಚಾಕ್ಷರಿ ಕಾರಿನ ಮೂತಿ ತಿರುಗಿಸಿ ಗಾಳಿಗೆ ಅಡ್ಡ ನಿಲ್ಲಿಸಿದರು, ಗಡದ್ದಾಗಿ ಉಂಡರು, ಕಾರಿನ ನೆರಳಲ್ಲೇ ಒಂದು ನಿದ್ದೆ ತೆಗೆದು, ಎದ್ದು, ಮೂತಿಯಿದ್ದ ಕಡೆಗೇ ಹೊರಟರು.

“ರೀ, ಬಿಸಿಲು ಮುಖಕ್ಕೇ ಹೊಡೀತಿದೆಯಲ್ರೀ? ಇಷ್ಟೊತ್ತಿಗೆ ಸೂರ್ಯ ಬೆನ್ನಿಗಿರಬೇಕಲ್ವಾ?”

“ಇದು ದಕ್ಷಿಣಾರ್ಧಗೋಳ ಕಣೇ! ಇಲ್ಲಿ ಸೂರ್ಯನ ಲೆಕ್ಕಾನೇ ಬೇರೆ.”

“ಐದು ವರ್ಷ ಇಲ್ಲೇ ಬಟ್ಟೆ ಒಣಗಿಸಿದೀನಿ. ಸೂರ್ಯ ಎಲ್ಲಿ ಮುಳುಗ್ತಾನೆ ಅಂತ ನಂಗೊತ್ತಿಲ್ವಾ?”

ಡಾಕ್ಟರ ಎದೆಯಲ್ಲೂ ಸಣ್ಣಗೆ ಕುಟುಕಿತು. ಆದರೆ ಘೋಷಣೆ ಮಾಡಿದ ಗಂಡಸು ಗಾಡಿ ತಿರುಗಿಸುವುದುಂಟೇ? ಕಪ್ಪು ಕನ್ನಡಕ ಏರಿಸಿ ವೇಗ ಹೆಚ್ಚಿಸಿದರು. ಮುಕ್ಕಾಲು ಗಂಟೆಯಲ್ಲಿ ಪೆಟ್ರೋಲ್ ಬಂಕ್ ಕಂಡಿತು.

“ನೋಡಿದ್ಯಾ! ಬಂದೇಬಿಡ್ತು!”

“ಡ್ಯಾಡ್, ದಿಸ್ ಈಸ್ ದ ಸೇಮ್ ಸರ್ವೋ,” ಎಂದಳು ಪದ್ಮಾ.

“ಈ ದೇಶದಲ್ಲಿ ಬಂಕ್‌ಗಳೆಲ್ಲ ಒಂದೇ ಥರ ಪುಟ್ಟಿ.”

“ಬಟ್ ದಟ್ಸ್ ಮೈ ಹ್ಯಾಟ್!”

ಹೌದು. ಬೆಳಿಗ್ಗೆ ಅವಳು ಮರೆತಿದ್ದ ಹಳದಿ ಟೋಪಿ ಬಾಗಿಲ ಮೊಳೆಗೆ ನೇತಾಡುತ್ತಿತ್ತು! ಬಂಕಿನ ಮುದುಕ ಅದನ್ನು ತಂದುಕೊಟ್ಟು, ಮಗಳ ಟೋಪಿಗಾಗಿ ಮರುಭೂಮಿಯಲ್ಲಿ ಅಷ್ಟು ದೂರದಿಂದ ವಾಪಸು ಬಂದ ಇಂಥ ತಂದೆಯನ್ನು ತಾನು ಕಂಡೇ ಇಲ್ಲವೆಂದು ಭುಜ ತಟ್ಟಿದ. ಡಾಕ್ಟರು ಸಂಕೋಚದಿಂದ ತಲೆ ತಗ್ಗಿಸಿದರು. ಅಲ್ಲ ಎನ್ನಲಿಲ್ಲ.

ಅಷ್ಟೇ ಅಲ್ಲ, ಕೆಲಸ ಕೊಡಿಸಿದ್ದ ಅಡಿಲೇಡಿನ ಗೆಳೆಯನಿಗೆ ಅಲ್ಲಿಂದಲೇ ಫೋನ್ ಮಾಡಿದರು. “ಲಿಂಗರಾಜ, ಬರೋದು ತಡ ಆಗುತ್ತಪ್ಪಾ. ಪದ್ಮಾ ಟೋಪಿ ಮರೆತುಬಿಟ್ಟಿದ್ಲು. ಮಗು ಅಳ್ತಿತ್ತು, ವಾಪಸ್ ಬರಲೇಬೇಕಾಯ್ತು...”

ವಿಶಾಲಾಕ್ಷಿ ರಿಸೀವರ್ ಕಸಿದುಕೊಂಡರು.

“ಲಿಂಗರಾಜಣ್ಣ, ಮಗಳು ಮರೆತಿದ್ದು ಒಂದು ಟೋಪಿ. ಇವರು ನಿಮಗೆ ಹಾಕ್ತಿರೋದು ಇನ್ನೊಂದು!”