ಅಜ್ಜಿಯ ಮೇಲೆ ಹೆಸರು ಬರೆಯುವುದೆಲ್ಲಿ?

ಕೊಡುವವರೂ ತೆಗೆದುಕೊಳ್ಳುವವರೂ ಒಂದೇ ಅಂಗಳದಲ್ಲಿ ನಿಂತರೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ನನ್ನ ಅಂಗಳದಲ್ಲಂತೂ ಕಳೆದ ವರ್ಷ ಒಂದರ ಹಿಂದೆ ಒಂದು ಆದವು.

ಸಿದ್ಧಕಟ್ಟೆಯ ಹತ್ತಿರ ನನ್ನದೊಂದು ಸಿಮೆಂಟ್ ಬ್ಲಾಕಿನ ಯಾರ್ಡ್ ಉಂಟು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿದವಳು ನಾನು. ಜಗಲಿಯಲ್ಲಿ ಒಬ್ಬಳು ಪೇಪರ್ ಓದುವುದು, ಉಳಿದವರು ಕೇಳುತ್ತಾ ಎಲೆ ಸುತ್ತುವುದು ನಮ್ಮ ಪದ್ಧತಿ. ಓದುತ್ತಿದ್ದವಳು ಮದುವೆಯಾಗಿ ಹೋದ ಮೇಲೆ ಓದಲು ಜನ ಇಲ್ಲದಾಯಿತು. ಹಠ ಹಿಡಿದು ನಾನೇ ಕಲಿತೆ. ಆಮೇಲೆ ಕಲ್ಲು ಹೊತ್ತೆ, ಬ್ಲಾಕ್ ಹೊತ್ತೆ, ಕೊನೆಗೆ ಬ್ಲಾಕ್ ಮಾಡುವ ಮೆಷಿನನ್ನೇ ಕೊಂಡೆ. ಯಾರ ದಾನವನ್ನೂ ಮುಟ್ಟಿದವಳಲ್ಲ ಎಂಬ ಜಂಬ ನನಗೆ ಉಂಟು. ಇರಲಿ, ಬೆವರು ಸುರಿಸಿ ಸಂಪಾದಿಸಿದ ಜಂಬ.

ಯಾರ್ಡಿನಲ್ಲಿ ಕೆಲಸ ಮಾಡುವವರೆಲ್ಲ ಜಾರ್ಖಂಡಿನವರು. ಅವರಲ್ಲಿ ಎಲ್ಲರೂ ದೀದಿ ಎಂದು ಕರೆಯುವ ಒಬ್ಬಳಿಗೆ ಎರಡು ವರ್ಷದ ಮಗಳು. ಕೆಲಸದ ಹೊತ್ತಿನಲ್ಲಿ ಮಗುವಿನ ಸೊಂಟಕ್ಕೆ ಹಳೆಯ ಸೀರೆಯ ತುಂಡು ಸುತ್ತಿ ಪೇರಳೆ ಮರಕ್ಕೆ ಕಟ್ಟುತ್ತಿದ್ದಳು. ಒಂದು ದಿನ ಗಂಟು ಬಿಚ್ಚಿತು. ನಾನು ನೋಡುವಾಗ ಮಗು ನೀರಿನ ತೊಟ್ಟಿಯ ಅಂಚಿನಲ್ಲಿ ನಿಂತು ಬಗ್ಗಿ ತನ್ನ ನೆರಳನ್ನು ನೋಡುತ್ತಿತ್ತು. ಓಡಿ ಹೋಗಿ ಎತ್ತಿಕೊಂಡೆ.

ಆ ಸಂಜೆ ದೀದಿ, “ಅಕ್ಕ, ಮಳೆಗಾಲದ ಮೊದಲು ಊರಿಗೆ ಹೋಗ್ತೇನೆ. ಕೆಲಸ ಇನ್ನೊಂದು ಸಿಗ್ತದೆ, ಮಗಳು ಸಿಗುವುದಿಲ್ಲ” ಎಂದಳು. ಊರಿನಲ್ಲಿ ಕೆಲಸ ಇಲ್ಲದ್ದಕ್ಕೇ ಇಷ್ಟು ದೂರ ಬಂದವಳು ಅವಳು.

ಯಾರ್ಡ್ ನನ್ನದು, ತೊಟ್ಟಿ ನನ್ನದು, ತಪ್ಪೂ ನನ್ನದೇ. ಮರುದಿನವೇ ತೊಟ್ಟಿಗೆ ಬೇಲಿ ಹಾಕಿಸಿದೆ. ಆದರೆ ಮಗು ಮರದ ಬುಡದಲ್ಲಿ ಕಟ್ಟಿದಲ್ಲಿಯೇ ಉಳಿಯಿತು. ಸುತ್ತಲಿನ ಗೇರುಬೀಜದ ಶೆಡ್ಡು, ಕಲ್ಲಿನ ಕೋರೆಗಳಲ್ಲೂ ಇಂಥ ಮಕ್ಕಳು ಬೇಕಾದಷ್ಟು. ಎಲ್ಲರನ್ನೂ ನೋಡಿಕೊಳ್ಳುವುದು ನನ್ನೊಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಜೀವನದಲ್ಲಿ ಮೊದಲ ಸಲ ಜಂಬವನ್ನು ಪಕ್ಕಕ್ಕಿಟ್ಟು ಊರಿನ ಸೇವಾ ಸಮಿತಿಯ ಬಾಗಿಲಿಗೆ ಹೋದೆ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಬಹಳ ಒಳ್ಳೆಯ ಜನ. ಧನ್ಯವಾದ ಸಮರ್ಪಣೆ ಮಾಡದೆ ಅವರು ಒಂದು ಲೋಟ ಚಹಾವನ್ನೂ ಮುಗಿಸುವುದಿಲ್ಲ.

೧. ಕಂಬಳಿ

ಹೊರರಾಜ್ಯದ ಕಾರ್ಮಿಕರಿಗೆ ಸಹಾಯ ಬೇಕಂತೆ ಎಂದು ಹೆಡ್‌ಮಾಸ್ಟರು ಒಬ್ಬ ದಾನಿಗೆ ಹೇಳಿದರು. ಆ ದಾನಿ ಟಿವಿಯಲ್ಲಿ ದೆಹಲಿಯ ಚಳಿಯಲ್ಲಿ ಯಾರೋ ಕಾರ್ಮಿಕರಿಗೆ ಕಂಬಳಿ ಹಂಚುವುದನ್ನು ನೋಡಿದ್ದರು. ಒಂದು ಟೆಂಪೋ ತುಂಬಾ ದಪ್ಪ ಕಂಬಳಿ ಕಳಿಸಿದರು. ಏಪ್ರಿಲ್ ತಿಂಗಳು. ಬಂಟ್ವಾಳದ ಏಪ್ರಿಲ್. ನಾವು ಮೈಮೇಲಿನ ಬಟ್ಟೆಯನ್ನೇ ಹೇಗೆ ಸಹಿಸುವುದು ಎಂದು ಯೋಚಿಸುವ ಕಾಲ.

ನಮ್ಮ ಜನ ಮರ್ಯಾದೆಯಿಂದ ಸಾಲಿನಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತಾ ಕಂಬಳಿ ತೆಗೆದುಕೊಂಡರು. ಫೋಟೋ ಆಯಿತು. ಧನ್ಯವಾದ ಸಮರ್ಪಣೆಯೂ ಆಯಿತು.

ವಾರ ಕಳೆದು ದಾನಿ ಸ್ವತಃ ನೋಡಲು ಬಂದರು. ಹೊಸ ಬ್ಲಾಕ್ ಒಡೆಯದಿರಲು ಅದರ ಮೇಲೆ ಒದ್ದೆ ಗೋಣಿ ಹೊದಿಸಿ ಇಡುತ್ತೇವೆ. ಆ ವಾರ ಗೋಣಿ ಇರಲಿಲ್ಲ; ಸಾಲು ಸಾಲಾಗಿ ಹೂವಿನ ಚಿತ್ರದ ಕಂಬಳಿಗಳು, ನೀರು ಕುಡಿದು ಮಲಗಿದ್ದವು. ದಾನಿಯ ಮುಖ ನೋಡಿ ಹೆಡ್‌ಮಾಸ್ಟರು ಕನ್ನಡಕ ಒರೆಸಲು ಶುರುಮಾಡಿದರು.

ನಾನು ಬಿಡುವವಳೇ? “ಬೇಸರ ಮಾಡಬೇಡಿ ಮಾರಾಯ್ರೇ. ಇಡೀ ತಾಲೂಕಿನಲ್ಲಿ ಹೊದ್ದು ಮಲಗುವ ಬ್ಲಾಕ್ ಇರುವುದು ನನ್ನಲ್ಲಿ ಮಾತ್ರ” ಎಂದೆ.

೨. ನನ್ನ ಪುಸ್ತಕ

ಬೇರೆಯವರನ್ನು ನೋಡಿ ನಕ್ಕವಳಿಗೆ ದೇವರು ಒಂದು ತಿಂಗಳೂ ಬಿಡುವು ಕೊಡಲಿಲ್ಲ.

ಇವರಿಗೆ ಬೇಕಾದದ್ದು ಕಂಬಳಿಯಲ್ಲ, ಅಕ್ಷರ ಎಂದು ನಾನು ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ನನಗೆ ಅಕ್ಷರದಿಂದ ಬದುಕು ಸಿಕ್ಕಿದೆ, ಇನ್ನು ಕೇಳುವುದೆಂತದು? ಮೂಡುಬಿದಿರೆಗೆ ಹೋಗಿ ಇಪ್ಪತ್ತು ಕಾಗುಣಿತದ ಪುಸ್ತಕ, ಇಪ್ಪತ್ತು ಸ್ಲೇಟು ತಂದೆ. ಸಂಜೆ ಆರಕ್ಕೆ ಕ್ಲಾಸು. ದಿನವಿಡೀ ಬ್ಲಾಕ್ ಎತ್ತಿದವರು ಕೈಕಾಲು ತೊಳೆದು ಬಂದು ಕುಳಿತರು. ನಾನು ಕೋಲು ಹಿಡಿದು “ಅ” ಎಂದೆ. “ಅ” ಎಂದರು. “ಆ” ಎಂದೆ. ಅದು ಆಕಳಿಕೆಯಾಗಿ ಮರಳಿ ಬಂತು. “ಇ” ಬರುವಾಗ ಎಚ್ಚರ ಇದ್ದದ್ದು ನಾನು ಮತ್ತು ಸೊಳ್ಳೆಗಳು.

ಮರುದಿನ ದೀದಿ ನನ್ನ ಮನಸ್ಸು ನೋಯದ ಹಾಗೆ ಹೇಳಿದಳು: “ಅಕ್ಕ, ನಿಮ್ಮ ಪುಸ್ತಕ ಬಹಳ ಒಳ್ಳೆಯದು. ಇಲ್ಲಿಗೆ ಬಂದ ಮೇಲೆ ಇಷ್ಟು ಚಂದದ ನಿದ್ರೆ ನಮಗೆ ಬಂದೇ ಇರಲಿಲ್ಲ.”

೩. ಮೂರು ಪುಟದ ಫಾರ್ಮು

ಇನ್ನು ಕೇಳಿಯೇ ಕೊಡುವ ಎಂದು ಸಮಿತಿ ನಿರ್ಣಯ ಮಾಡಿತು. ಜಾರ್ಖಂಡಿನವರನ್ನು ಹಿಂದಿಯಲ್ಲಿ ಕೇಳಬೇಕಲ್ಲ? ಹೆಡ್‌ಮಾಸ್ಟರು ಹಿಂದಿ ಕಲಿಸುವ ಒಬ್ಬ ಲೆಕ್ಚರರನ್ನು ಕರೆತಂದರು. ಅವರು ಮೈಸೂರು ಕಡೆಯವರು. ಕೈಯಲ್ಲಿ ಮೂರು ಪುಟದ ಫಾರ್ಮು.

ದೀದಿ ಎದುರು ಕುಳಿತು ಅವರು ಶುದ್ಧ ಹಿಂದಿಯಲ್ಲಿ ಕೇಳಿದರು. ರೇಡಿಯೋ ವಾರ್ತೆಯ ಹಾಗೆ ಇತ್ತು. ದೀದಿ ಬಾಯಿಬಿಟ್ಟು ಕೇಳಿ, ನನ್ನ ಕಡೆ ತಿರುಗಿ ತುಳುವಿನಲ್ಲಿ ಶುರುಮಾಡಿದಳು. ಅವಳ ಮನೆಮಾತು ಹಿಂದಿಯಲ್ಲ, ಬೇರೆಯೇ. ನಾಲ್ಕು ವರ್ಷದಲ್ಲಿ ನಮ್ಮ ಅಂಗಡಿ, ಬಸ್ಸು, ಜಗಳ ಎಲ್ಲದರಿಂದ ತುಳು ಹೀರಿಕೊಂಡಿದ್ದಳು. ಲೆಕ್ಚರರಿಗೆ ತುಳು ಬಾರದು. ಹಾಗೆ, ಜಾರ್ಖಂಡಿನವಳು ತುಳುವಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ, ಕರ್ನಾಟಕದವರು ಅದನ್ನು ಹಿಂದಿಯಲ್ಲಿ ಬರೆದುಕೊಂಡರು.

ಕೊನೆಯ ಪ್ರಶ್ನೆ: ನಿಮಗೆ ಬೇಕಾದದ್ದು ಏನು?

ದೀದಿ, “ಇದನ್ನು ಯಾರೂ ಕೇಳಿದ್ದಿಲ್ಲ. ನಾಳೆ ಹೇಳಿದರೆ ಆಗ್ತದಾ?” ಎಂದಳು. ಆ ಸಂಜೆ ಹೆಂಗಸರೆಲ್ಲ ಪೇರಳೆ ಮರದ ಕೆಳಗೆ ಕುಳಿತು ಮಾತಾಡಿದರು. ಮರುದಿನ ಲೆಕ್ಚರರು ಮತ್ತೆ ಬಂದಾಗ ದೀದಿ ಎಲ್ಲರ ಪರವಾಗಿ ಹೇಳಿದಳು: “ಎಂಕ್ಲೆಗ್ ಒರ್ತಿ ಅಜ್ಜಿ ಬೋಡು.” ನಮಗೊಬ್ಬಳು ಅಜ್ಜಿ ಬೇಕು. “ನಮ್ಮ ಅಜ್ಜಿಯರನ್ನೆಲ್ಲ ಊರಿನಲ್ಲಿ ಬಿಟ್ಟು ಬಂದಿದ್ದೇವೆ ಅಕ್ಕ. ಮಕ್ಕಳನ್ನು ನೋಡಲಿಕ್ಕೆ ಒಬ್ಬರು ಇದ್ದರೆ ಸಾಕು. ಬೇರೆ ಎಲ್ಲ ನಾವು ದುಡಿದು ಮಾಡಿಕೊಳ್ತೇವೆ.”

ಆ ಕೊನೆಯ ಮಾತು ನನ್ನದೇ ಮಾತಿನ ಹಾಗಿತ್ತು. ಲೆಕ್ಚರರು ಮಾತ್ರ ಫಾರ್ಮನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದರು. “ಹೊಲಿಗೆ ಯಂತ್ರ ಇದೆ, ಕುಕ್ಕರ್ ಇದೆ, ಸೋಲಾರ್ ದೀಪ ಇದೆ. ಅಜ್ಜಿಗೆ ಕಾಲಂ ಇಲ್ಲವಲ್ಲ ಮೇಡಂ?”

೪. ಫ್ಯಾನು

ನನ್ನ ಹಳೆಯ ಸಿಮೆಂಟ್ ಗೋಡೌನನ್ನು ಸುಣ್ಣ ಬಳಿದು ಮಕ್ಕಳ ಕೋಣೆ ಮಾಡಿದೆ. ವಸ್ತುಗಳಿಗೆ ದಾನಿಗಳು ಮಳೆ ಬಂದ ಹಾಗೆ ಬಂದರು. ಬಾಗಿಲಿನ ಮೇಲೆ ಒಬ್ಬರ ಹೆಸರು, ನೀರಿನ ಡ್ರಮ್ಮಿನ ಮೇಲೆ ಒಬ್ಬರದು, ಗೋಡೆ ಗಡಿಯಾರದ ಒಳಗೆ ಒಬ್ಬರದು. ಫ್ಯಾನು ಕೊಟ್ಟವರು ಮೂರು ರೆಕ್ಕೆಯಲ್ಲೂ ಕೆಂಪು ಬಣ್ಣದಲ್ಲಿ ಬರೆಸಿದ್ದರು: ಒಂದರಲ್ಲಿ ಅವರ ಹೆಸರು, ಒಂದರಲ್ಲಿ ಹೆಂಡತಿಯದು, ಇನ್ನೊಂದರಲ್ಲಿ ಮನೆಯದು.

ಉದ್ಘಾಟನೆಯ ದಿನ ಕೋಣೆ ತುಂಬಾ ಜನ, ಉಸಿರು ಕಟ್ಟುವ ಸೆಕೆ. ನಾನು ಎದ್ದು ಫ್ಯಾನಿನ ಸ್ವಿಚ್ ಹಾಕಲು ಹೋದೆ. ಹೆಡ್‌ಮಾಸ್ಟರು ಓಡಿ ಬಂದು ಕೈ ಹಿಡಿದರು. “ಸ್ವಲ್ಪ ತಡೀರಿ. ಅವರು ಎದುರಿನ ಸಾಲಿನಲ್ಲೇ ಕೂತಿದ್ದಾರೆ. ತಿರುಗಿದರೆ ಹೆಸರು ಕಾಣುವುದಿಲ್ಲ.”

ಆ ದಿನ ಎಲ್ಲರೂ ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಂಡರು. ಕೊನೆಗೆ ನೋಡಿದರೆ ಫ್ಯಾನಿನ ದಾನಿಯೂ ಅದನ್ನೇ ಮಾಡುತ್ತಿದ್ದರು.

೫. ಅಜ್ಜಿ ಬಂದದ್ದು

ನನ್ನ ಜೊತೆ ಒಂದು ಕಾಲದಲ್ಲಿ ಬೀಡಿ ಕಟ್ಟಿದ ನೆರೆಮನೆಯ ಅಕ್ಕನಿಗೆ ಈಗ ಅರವತ್ತೆರಡು. ಅವರನ್ನೇ ಅಜ್ಜಿಯಾಗಿ ಕರೆದೆ. “ಮಕ್ಕಳ ಎದುರು ಹೊಗೆಸೊಪ್ಪು ಆಗದು, ಬೀಡಿಯ ಕೆಲಸ ಬಿಡಬೇಕು. ದೀಪಾವಳಿಯವರೆಗೆ ಸಂಬಳ ನಾನು ಕೊಡ್ತೇನೆ, ಆಮೇಲೆ ಸಮಿತಿ” ಎಂದೆ. ಒಪ್ಪಿದರು. ಆದರೆ ನಲವತ್ತು ವರ್ಷ ಸುಮ್ಮನಿರದ ಕೈ. ಮೊದಲ ದಿನ ಮಧ್ಯಾಹ್ನ ನಾನು ಇಣುಕಿದಾಗ ಹದಿನಾಲ್ಕು ಮಕ್ಕಳಿಗೂ ಎರಡೆರಡು ಜಡೆ. ಅವರಲ್ಲಿ ಆರು ಗಂಡುಮಕ್ಕಳು.

ದೀದಿಯ ಮಗಳು ಮರದಿಂದ ಬಿಡುಗಡೆಯಾದಳು. ದೀದಿ ಊರಿಗೆ ಹೋಗುವ ಮಾತು ನಿಲ್ಲಿಸಿದಳು. “ದೀಪಾವಳಿಯವರೆಗೆ ನೋಡುವ ಅಕ್ಕ” ಎಂದಳು, ನನ್ನ ಗಡುವನ್ನು ಅವಳೂ ಕೇಳಿಸಿಕೊಂಡಿದ್ದಳು.

ದೀಪಾವಳಿ ಹತ್ತಿರ ಬಂತು. ಮಳೆಗಾಲದಲ್ಲಿ ಬ್ಲಾಕಿಗೆ ವ್ಯಾಪಾರ ಇರಲಿಲ್ಲ. ನನ್ನ ಕೈ ಸೋತಿತ್ತು. ಅಜ್ಜಿಯ ಸಂಬಳಕ್ಕೆ ಮಾತ್ರ ದಾನಿ ಸಿಗಲಿಲ್ಲ. ಸಮಿತಿಯ ಸಭೆಯಲ್ಲಿ ಹೆಡ್‌ಮಾಸ್ಟರು ಕಷ್ಟವನ್ನು ಬಿಡಿಸಿ ಹೇಳಿದರು: “ಫ್ಯಾನಾದರೆ ರೆಕ್ಕೆ ಉಂಟು. ಅಜ್ಜಿಯ ಮೇಲೆ ಹೆಸರು ಬರೆಯುವುದೆಲ್ಲಿ?”

ಸೀರೆಯ ಸೆರಗಿನಲ್ಲಿ ಪ್ರಿಂಟ್ ಹಾಕಿಸುವ ಎಂದು ಯಾರೋ ಸಲಹೆ ಕೊಟ್ಟರು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. “ಹಿಂದೆ ಮುಂದೆ ಹೆಸರು ಬರೆಸಿಕೊಂಡು ತಿರುಗಲಿಕ್ಕೆ ನಾನೆಂತ ಧರ್ಮಸ್ಥಳದ ಬಸ್ಸಾ?”

೬. ಸ್ಲ್ಯಾಬಿನ ದಿನ

ಕೊನೆಗೆ ಗಲ್ಫಿನಲ್ಲಿ ಕಂಪೆನಿ ಇರುವ ಒಬ್ಬರು ಊರಿಗೆ ಬಂದಿದ್ದಾರೆ, ಒಂದು ಬೆಳಿಗ್ಗೆ ಮಾತ್ರ ಬಿಡುವು ಉಂಟು ಎಂದು ಗೊತ್ತಾಯಿತು. ಹೆಡ್‌ಮಾಸ್ಟರು ಶಾಮಿಯಾನ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಸಿದ್ಧ ಮಾಡಿದರು. ಒಂದನ್ನು ಮಾತ್ರ ಯಾರನ್ನೂ ಕೇಳಲಿಲ್ಲ: ಆ ದಿನ ಕಾರ್ಮಿಕರಿಗೆ ಬಿಡುವು ಉಂಟೋ ಇಲ್ಲವೋ ಎಂದು.

ಹತ್ತೂವರೆಗೆ ಬಿಳಿ ಅಂಗಿಯ ದಾನಿ ಬಂದರು. ವೇದಿಕೆಯಲ್ಲಿ ಹತ್ತು ಕುರ್ಚಿ, ಕೆಳಗೆ ನೂರು ಕುರ್ಚಿ, ಕುಳಿತದ್ದು ಅಜ್ಜಿ ಮತ್ತು ಹದಿನಾಲ್ಕು ಮಕ್ಕಳು. ಯಾರ್ಡಿನಲ್ಲಿ ಕೆಲಸ ಇಲ್ಲದ್ದರಿಂದ ನಮ್ಮ ಜನರೆಲ್ಲ ಪಕ್ಕದ ಗುಡ್ಡೆಯಲ್ಲಿ ಕಟ್ಟುತ್ತಿರುವ ಮನೆಯ ಸ್ಲ್ಯಾಬಿಗೆ, ಎಂದರೆ ತಾರಸಿಗೆ ಕಾಂಕ್ರೀಟ್ ಹಾಕಲು, ಹೋಗಿದ್ದರು. ಬೆಳ್ತಂಗಡಿ ಕಡೆಯ ಮೇಸ್ತ್ರಿ ಹಿಂದಿನ ದಿನವೇ ಹೇಳಿಟ್ಟಿದ್ದ.

“ಒಂದು ಗಂಟೆಯ ಮಟ್ಟಿಗೆ ಕರೆದುಕೊಂಡು ಬನ್ನಿ” ಎಂದರು ಹೆಡ್‌ಮಾಸ್ಟರು.

“ಸ್ಲ್ಯಾಬ್ ಶುರುವಾದ ಮೇಲೆ ಮುಗಿಯುವವರೆಗೆ ನಿಲ್ಲಿಸಲಿಕ್ಕೆ ಆಗುವುದಿಲ್ಲ ಸರ್. ನಿಲ್ಲಿಸಿದಲ್ಲಿ ಬಿರುಕು ಬಿಡ್ತದೆ. ಅವರು ಬರುವುದಿಲ್ಲ. ಬೇಕಾದರೆ ನಾವೇ ಹೋಗುವ” ಎಂದೆ.

ಹೋದೆವು. ಮಿಕ್ಸರಿನಿಂದ ಏಣಿಯವರೆಗೆ, ಏಣಿಯಿಂದ ಮೇಲಿನ ಮಾಡಿನವರೆಗೆ ಜನ ಸಾಲಾಗಿ ನಿಂತು ಕಾಂಕ್ರೀಟ್ ತುಂಬಿದ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಪಶ್ಚಿಮದಲ್ಲಿ ಕಪ್ಪು ಮೋಡ. ಇಬ್ಬರು ಜನ ಕಡಿಮೆ ಬಿದ್ದು ಸಾಲಿನಲ್ಲಿ ಎರಡು ಕಡೆ ತೆರವು. ನಾವು ನೋಡುತ್ತಾ ನಿಂತದ್ದು ಸರಿಯಾಗಿ ಒಂದು ತೆರವಿನ ಪಕ್ಕದಲ್ಲಿ. ದೀದಿ ಯಾರೆಂದೂ ನೋಡದೆ ಬಾಂಡ್ಲಿಯನ್ನು ಆಚೆ ಚಾಚಿದಳು. ಬಿಳಿ ಅಂಗಿಯ ಕೈ ತಾನಾಗಿ ಮುಂದೆ ಬಂದು ಹಿಡಿಯಿತು.

ಅವರು ಹಿಡಿದ ರೀತಿ ನೋಡಿಯೇ ನನಗೆ ಗೊತ್ತಾಯಿತು. ತಳಕ್ಕೆ ಬೆರಳು ಕೊಡದೆ, ಅಂಚಿಗೆ ಅಂಗೈ ಕೊಟ್ಟು ಹಿಡಿದಿದ್ದರು. ಹೊತ್ತವರಿಗೆ ಮಾತ್ರ ಗೊತ್ತಿರುವ ಹಿಡಿತ ಅದು. “ಗಲ್ಫಿನಲ್ಲಿ ಮೊದಲ ಮೂರು ವರ್ಷ ಇದೇ ಕೆಲಸ” ಎಂದರು, ಮುಂದಿನ ಬಾಂಡ್ಲಿಗೆ ಕೈ ಚಾಚುತ್ತಾ. ಇನ್ನೊಂದು ತೆರವಿಗೆ ನಾನು ಹೆಡ್‌ಮಾಸ್ಟರನ್ನು ನಿಲ್ಲಿಸಿದೆ. ಹಣ್ಣಿನ ಬುಟ್ಟಿ ಮರಳಿನ ರಾಶಿಯ ಮೇಲೆ ಕುಳಿತಿತು.

ಮೋಡ ಮಳೆಯಾಗುವ ಮೊದಲು ಸ್ಲ್ಯಾಬ್ ಮುಗಿಯಿತು. ಸ್ಲ್ಯಾಬಿನ ದಿನ ಮನೆಯವರು ಊಟ ಹಾಕುವುದು ಪದ್ಧತಿ. ದಾನಿ ನಮ್ಮ ಜನರ ನಡುವೆ ಕುಳಿತು ಉಂಡರು. ದೀದಿ ಮಗಳ ವಿಷಯ, ಮರದ ವಿಷಯ, ಅಜ್ಜಿಯ ವಿಷಯ ಎಲ್ಲ ತುಳುವಿನಲ್ಲಿ ಹೇಳಿದಳು. ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. “ನಮ್ಮ ಕ್ಯಾಂಪಿನಲ್ಲಿ ಅಡುಗೆಯ ಒಬ್ಬ ಅಜ್ಜ ಇದ್ದರು. ಜ್ವರ ಬಂದರೆ ಗಂಜಿ ಮಾಡಿ ಕೊಡುತ್ತಿದ್ದರು. ಅವರು ಇಲ್ಲದಿದ್ದರೆ ನಾನು ಆರು ತಿಂಗಳಲ್ಲಿ ವಾಪಸ್ ಬರುತ್ತಿದ್ದೆ” ಎಂದರು. ಅಜ್ಜಿಯ ಸಂಬಳ ಇನ್ನು ಪ್ರತಿ ತಿಂಗಳು ತನ್ನದು, ಕೋರೆಯ ಕಡೆಗೂ ಇನ್ನೊಬ್ಬ ಅಜ್ಜಿಯನ್ನು ಹುಡುಕಿ ಎಂದು ನನಗೆ ಹೇಳಿದರು. ಹೆಡ್‌ಮಾಸ್ಟರು ಹೆದರುತ್ತಲೇ ಹೆಸರಿನ ವಿಷಯ ಎತ್ತಿದರು. “ಹೆಸರು ಬೇಡ ಸರ್. ಅಜ್ಜಿಗೆ ಕೋಪ ಬರ್ತದಂತೆ” ಎಂದು ಕೈ ತೊಳೆಯಲು ಎದ್ದರು.

ದೀದಿ ಈಗಲೂ ಇಲ್ಲಿಯೇ ಇದ್ದಾಳೆ. ಮಗಳು ನನ್ನನ್ನೇ ತುಳುವಿನಲ್ಲಿ ಗದರಿಸುವಷ್ಟು ಬೆಳೆದಿದ್ದಾಳೆ.

ಅಂದ ಹಾಗೆ, ಸ್ಲ್ಯಾಬಿನ ಆ ಸಂಜೆ ಮೇಸ್ತ್ರಿ ನನ್ನನ್ನು ಬದಿಗೆ ಕರೆದಿದ್ದ. ಬಂದವರು ಯಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. “ಅಕ್ಕ, ನಾಡಿದ್ದು ವೇಣೂರಿನಲ್ಲಿ ಇನ್ನೊಂದು ಸ್ಲ್ಯಾಬ್ ಉಂಟು. ಆ ಬಿಳಿ ಅಂಗಿಯ ಜನವನ್ನು ಕಳಿಸಿ, ಕೆಲಸ ಗೊತ್ತುಂಟು. ಆದರೆ ಆ ಕನ್ನಡಕದ ಅಜ್ಜ ಮಾತ್ರ ಬೇಡ ಮಾರಾಯ್ರೇ. ಒಂದೊಂದು ಬಾಂಡ್ಲಿಗೂ ನಿಂತು ಧನ್ಯವಾದ ಹೇಳ್ತಾರೆ. ಕಾಂಕ್ರೀಟ್ ಗಟ್ಟಿಯಾಗ್ತದೆ!”