ತ್ರಾಸಿಲ್ಲದ ನಾಯಿ

ನಾನು ಈಗ ಹೇಳೋದನ್ನು ಸುಳ್ಳು ಅನ್ನೋರು ಮೊದಲೇ ಕೈ ಎತ್ತಿಬಿಡಿ. ಕಥೆ ಮುಗಿಯೋವರೆಗೆ ಹಾಗೇ ಎತ್ತಿಕೊಂಡಿರಿ, ಇಳಿಸೋ ಹೊತ್ತು ತಾನಾಗಿ ಬರುತ್ತೆ. ಹೈದರಾಬಾದಿನಲ್ಲಿ ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ರಿಪೇರಿ ಮಾಡೋ ಮನುಷ್ಯನಿಗೆ ಇಂಥವು ದಿನಕ್ಕೊಂದು ಆಗುತ್ತಲೇ ಇರುತ್ತವೆ. ನಾನೇನು ಹುಡುಕಿಕೊಂಡು ಹೋಗೋದಿಲ್ಲ, ಬೆಲ್ ಒತ್ತಿದರೆ ಸಾಕು.

ನಾನು ಸೇಡಂ ಕಡೆಯ ಹಳ್ಳಿಯವನು. ನಮ್ಮೂರಲ್ಲಿ ನನ್ನ ಸೈಕಲ್ ಗಂಟೆ ಕೇಳಿದರೆ ಮೂರು ಓಣಿಯ ನಾಯಿಗಳು ಎದ್ದು ದಾರಿ ಬಿಡುತ್ತಿದ್ದವು. ಎತ್ತಾಗಲಿ, ಎಮ್ಮೆಯಾಗಲಿ, ಟಗರಾಗಲಿ, ಎದುರಿಗೆ ಎರಡು ನಿಮಿಷ ನಿಂತರೆ ಅದರ ಗುಣ ಹೇಳಿಬಿಡುತ್ತೇನೆ. ಇದು ಜಂಬ ಅಲ್ಲ, ಮಾಹಿತಿ.

ಇಷ್ಟೆಲ್ಲ ಬಲ್ಲವನಿಗೆ ಈ ಊರಲ್ಲಿ ಒಂದು ರೂಮು ಸಿಗಲಿಲ್ಲ.

ಮೇಲಿನ ರೂಮು

ನಾನಿದ್ದ ಹಾಸ್ಟೆಲ್ಲಿನಲ್ಲಿ ಒಂದು ಕೋಣೆಗೆ ಆರು ಜನ. ನನ್ನ ತಲೆಯ ಹತ್ತಿರ ಇನ್ನೊಬ್ಬನ ಕಾಲು, ಆ ಕಾಲಿಗೆ ಯಾವಾಗಲೂ ಸಾಕ್ಸು. ಅದನ್ನೂ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಮಾಲಿಕ ಬಂದು, "ಇದನ್ನ ಲೇಡೀಸ್ ಹಾಸ್ಟೆಲ್ ಮಾಡ್ತೀನಿ, ತಿಂಗಳ ಕೊನೆಗೆ ಎಲ್ಲರೂ ಖಾಲಿ ಮಾಡಿ" ಅಂದ.

ಮನೆ ಹುಡುಕಲು ಹೊರಟೆ. ಯಾವ ಬಾಗಿಲು ತಟ್ಟಿದರೂ ಒಂದೇ ಪ್ರಶ್ನೆ: "ಫ್ಯಾಮಿಲಿನಾ?"

"ಫ್ಯಾಮಿಲೀನೇ ರೀ, ಹನ್ನೊಂದು ಮಂದಿ ಇದ್ದೀವಿ."

"ಎಲ್ಲಿದಾರೆ?"

"ಊರಲ್ಲಿ."

ಬಾಗಿಲು ಬಂದ್. ಈ ಊರಲ್ಲಿ ಬ್ಯಾಚಲರ್ ಅಂದರೆ ಮನೆ ಕೊಟ್ಟವರ ಗೋಡೆ ಒಡೆದು, ನಲ್ಲಿ ಕಿತ್ತು, ಟೆರೇಸಿನ ಮೇಲೆ ಕುಣಿಯುವ ಪ್ರಾಣಿ ಅಂತ ಎಲ್ಲರಿಗೂ ಖಾತ್ರಿಯಾಗಿದೆ.

ಹೀಗಿರುವಾಗ ಕುಷಾಯಿಗೂಡದ ಒಂದು ಮನೆಯಿಂದ ಫಿಲ್ಟರ್ ಕಂಪ್ಲೇಂಟ್ ಬಂತು. ಗೇಟು ತೆಗೆಯುತ್ತಲೇ ಟೆರೇಸಿನಿಂದ ಅಪ್ಪಟ ನಮ್ಮ ಕಡೆ ಮಾತು ಕೇಳಿಸಿತು: "ಏ ಮಂಗ್ಯಾನ ಮಗನ, ಸಂಡಿಗಿ ಇಡೋ ಕೆಳಗ!" ತಲೆ ಎತ್ತಿ ನೋಡಿದರೆ, ಬೈಸಿಕೊಳ್ಳುತ್ತಿದ್ದದ್ದು ನಿಜವಾಗಿಯೂ ಮಂಗನ ಮಗನೇ. ಬೈಯುತ್ತಿದ್ದವರು ಮನೆಯೊಡತಿ, ವಯಸ್ಸಾದ ಹೆಣ್ಣುಮಗಳು. ಆಮೇಲೆ ನಾನು ಅವರನ್ನು ಕಾಕು ಅಂತ, ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆಗಿದ್ದ ಅವರ ಯಜಮಾನರನ್ನು ಕಾಕಾ ಅಂತ ಕರೆಯತೊಡಗಿದೆ. ಫಿಲ್ಟರ್ ಬಿಚ್ಚುತ್ತಲೇ ಕಣ್ಣಿಗೆ ಬಿತ್ತು, ಟೆರೇಸಿನ ಮೇಲೊಂದು ರೂಮು ಖಾಲಿ ಇದೆ.

"ಕಾಕಾರ, ಆ ರೂಮು..."

"ಬ್ಯಾಚಲರ್‌ಗೆ ಕೊಡಂಗಿಲ್ಲಪಾ. ಮ್ಯಾಲ ಮಂಗ್ಯಾನ ಕಾಟ ಭಾಳ ಆಗೇತಿ. ಒಂದು ನಾಯಿ ತಂದು ಅಲ್ಲೇ ಇಡಬೇಕು ಅಂತ ಮಾಡೀವಿ. ಆದರ ತ್ರಾಸಿಲ್ಲದ ನಾಯಿ ಆಗಬೇಕು. ನಮಗ ವಯಸ್ಸಾತು, ಅದರ ಹಿಂದ ಓಡಾಡಾಕ ಆಗಂಗಿಲ್ಲ."

ನಾನು ಎದೆ ಉಬ್ಬಿಸಿದೆ. "ನಾಯಿ ವಿಷಯ ನನಗ ಬಿಡ್ರಿ. ದಿನಾ ಎಂಟು ಮನಿಗೆ ಹೋಗ್ತೀನಿ, ಎಲ್ಲಾ ಜಾತಿ ನೋಡಾಕತ್ತೀನಿ. ಈ ಊರಾಗ ನನ್ನಷ್ಟು ನಾಯಿ ತಿಳಿದಾವ ಇನ್ನೊಬ್ಬ ಇಲ್ಲ. ನಾನು ಆರಿಸಿದ ನಾಯಿ ನಿಮಗ ಒಪ್ಪಿಗಿ ಆದರ, ಅದನ್ನ ನೋಡಿಕೊಳ್ಳಾಕ ನನ್ನೂ ಮ್ಯಾಲ ಇಟ್ಟಕೋರಿ."

ಕಾಕಾ ಕನ್ನಡಕದ ಮೇಲಿಂದ ನೋಡಿದರು. "ಮೊದಲ ನಾಯಿ ತೋರಸು. ಆಮ್ಯಾಲ ನಿನ್ನ ನೋಡೋಣು."

ಸ್ವೆಟರ್ ಹಾಕಿಕೊಂಡ ಯಜಮಾನ

ಮರುದಿನವೇ ಮಾದಾಪುರದ ಎತ್ತರದ ಅಪಾರ್ಟ್‌ಮೆಂಟೊಂದರಲ್ಲಿ ಕೆಲಸ. ಹೊರಗೆ ರಸ್ತೆಯ ಡಾಂಬರು ಕರಗೋ ಬಿಸಿಲು. ಬಾಗಿಲು ತೆಗೆದ ಹುಡುಗ ಮೈಸೂರಿನವನು, ಐಟಿ ಕೆಲಸ, ಮನೆಯಿಂದಲೇ ಮಾಡುತ್ತಿದ್ದ. ಮೈಮೇಲೆ ಸ್ವೆಟರ್, ಕಿವಿಗೆ ಮಫ್ಲರ್.

"ಜ್ವರಾನಾ ಸರ್?" ಅಂದೆ.

"ಇಲ್ಲ ಬ್ರೋ, ಎಸಿ."

"ಕಡಿಮೆ ಮಾಡ್ಕೋಬಹುದಲ್ಲ?"

ಅವನು ಬೆರಳು ತೋರಿಸಿದ. ಎಸಿಯ ಕೆಳಗೆ, ತೋಳದಂಥ ಒಂದು ನಾಯಿ ನಾಲ್ಕೂ ಕಾಲು ಚಾಚಿ ಮಲಗಿತ್ತು. ಹಸ್ಕಿ ಅಂತೆ. ಹಿಮದ ಮೇಲೆ ಗಾಡಿ ಎಳೆಯೋ ಜಾತಿಯಂತೆ. ತೆಲಂಗಾಣದ ಮೇ ತಿಂಗಳಲ್ಲಿ ಅದಕ್ಕೆ ಎಳೆಯಲು ಸಿಕ್ಕಿದ್ದು ಇವನ ಕರೆಂಟ್ ಬಿಲ್ಲು ಒಂದೇ.

"ನೋಡೋಕೆ ಚೆನ್ನಾಗಿದೆ ಅಂತ ತಂದುಬಿಟ್ವಿ. ಮಾರಿದೋನು ಏನೂ ತೊಂದರೆ ಇಲ್ಲ ಅಂದಿದ್ದ" ಅಂದ, ಹಲ್ಲು ಕಟಕಟ ಅನ್ನುತ್ತಿತ್ತು.

ನಮ್ಮೂರ ಗತ್ತು ತೋರಿಸೋಣ ಅಂತ ನಾನೇ ರಿಮೋಟ್ ತೊಗೊಂಡು ಎಸಿ ಆಫ್ ಮಾಡಿದೆ. ನಾಯಿ ಎದ್ದು ಕೂತು, ಛಾವಣಿಗೆ ಮುಖ ಮಾಡಿ, ಸತ್ತ ಮನೆಯಲ್ಲಿ ಅಳೋ ಹಾಗೆ ರಾಗ ತೆಗೆಯಿತು. ಪಕ್ಕದ ಫ್ಲ್ಯಾಟಿನವರು ಗೋಡೆ ಗುದ್ದಿದರು, ಮೇಲಿನವರು ನೆಲ ಗುದ್ದಿದರು, ಕೆಳಗಿನಿಂದ ವಾಚ್‌ಮನ್ ಫೋನು. ಎಸಿ ಮತ್ತೆ ಹಾಕಿದೆ. ರಾಗ ನಿಂತಿತು.

ಸಂಜೆ ಕಾಕಾಗೆ ಹೋಗಿ ಹೇಳಿದೆ. ಅವರು ಅಂದರು: "ಮೂವತ್ತೈದು ವರ್ಷ ನೌಕರಿ ಮಾಡೀನಿ. ನಿಮ್ಮ ಕಾಕು ನನಗ ಫ್ಯಾನ್ ಮೂರರ ಮ್ಯಾಲ ಇಡಾಕ ಬಿಡಂಗಿಲ್ಲ. ನಾಯಿಗೆ ಎಸಿ?"

ನಾಡದು ಬಾ

ಹಸ್ಕಿ ಹೋಯಿತು. ಲ್ಯಾಬ್ರಡಾರ್ ಭಾಳ ಸೌಮ್ಯ ಅಂತ ಎಲ್ಲರೂ ಹೇಳುತ್ತಿದ್ದರು. ಬೇಗಂ ಬಜಾರಿನಲ್ಲಿ ಗೋಡಂಬಿ, ದ್ರಾಕ್ಷಿಯ ಹೋಲ್‌ಸೇಲ್ ಅಂಗಡಿ ಇಟ್ಟ ಒಬ್ಬ ಸೇಠರ ಮನೆಯಲ್ಲಿ ಅಂಥದೊಂದಿತ್ತು. ಕೆಳಗೆ ಅಂಗಡಿ, ಮೇಲೆ ಮನೆ, ಮೆಟ್ಟಿಲ ಮೇಲೆ ಅಡ್ಡ ಈ ನಾಯಿ, ಅಕ್ಕಿ ಮೂಟೆಯಂತೆ.

"ಬಿಲ್ಕುಲ್ ಸೀದಾ ಹೈ ಭಾಯಿ, ಕುಛ್ ನಹೀ ಕರ್ತಾ" ಅಂದರು ಸೇಠ್, ಅಂದರೆ ಹಸುವಿನಷ್ಟು ಸಾಧು, ಏನೂ ಮಾಡೋದಿಲ್ಲ ಅಂತ.

ಅವರು ಅದನ್ನು ಹೇಳಿ ಮುಗಿಸೋದರೊಳಗೆ ನನ್ನ ಚೀಲದೊಳಗಿನ ಎರಡು ಜೋಳದ ರೊಟ್ಟಿ ಹೋದವು. ಶೇಂಗಾ ಚಟ್ನಿಪುಡಿ ಡಬ್ಬಿ ಸಮೇತ ಹೋಯಿತು, ಡಬ್ಬಿ ಮಾತ್ರ ವಾಪಸ್ ಬಂತು. ಒಂದು ಮೊಳ ಪೈಪು ತುಂಡಾಯಿತು. ನಾನು, "ಹೇ! ಬಿಡು!" ಅಂತ ನಮ್ಮೂರ ದನ ಕಾಯೋ ದನಿಯಲ್ಲಿ ಕೂಗಿದೆ. ಅದು ಪ್ರೀತಿಯಿಂದ ನನ್ನ ಕೈ ನೆಕ್ಕಿತು. ನೆಕ್ಕಿದ ಮೇಲೆ ನೋಡಿಕೊಂಡರೆ ಕೈಯಲ್ಲಿದ್ದ ರಬ್ಬರ್ ವಾಷರ್ ಇಲ್ಲ.

"ಸೇಠ್‌ಜೀ! ವಾಷರ್ ನುಂಗಿಬಿಡ್ತು! ಫಿಲ್ಟರ್ ಕೂಡೋದಿಲ್ಲ! ಡಾಕ್ಟರ ಹತ್ತಿರ ಓಡ್ರಿ!"

ಸೇಠ್ ಗೋಡಂಬಿ ಆರಿಸೋದನ್ನು ನಿಲ್ಲಿಸಲಿಲ್ಲ. ಹೋದ ತಿಂಗಳು ಸೊಸೆಯ ಹೇರ್‌ಬ್ಯಾಂಡು, ಅದರ ಹಿಂದಿನ ತಿಂಗಳು ಮೊಮ್ಮಗನ ರಬ್ಬರ್ ಚೆಂಡು, ಎರಡು ಸಲವೂ ಡಾಕ್ಟರ್ ನೋಡಿ ಕಾಯಿರಿ ಅಂದಿದ್ದರಂತೆ.

"ಗಾಬರಿ ಬೇಡ ಭಾಯಿ" ಅಂದರು ಸೇಠ್. "ನಿನ್ನ ಮಾಲು ಎಲ್ಲೂ ಹೋಗಲ್ಲ. ನಾಡದು ಬಾ."

ಸದ್ದು

ಇದು ಚಿಕ್ಕದು. ತಾರ್ನಾಕದಲ್ಲಿ ಒಬ್ಬರು, "ಫಿಲ್ಟರ್ ಗುರ್ ಗುರ್ ಅಂತ ಸದ್ದು ಮಾಡುತ್ತೆ" ಅಂತ ಮೂರು ಸಲ ಕಂಪ್ಲೇಂಟ್ ಕೊಟ್ಟಿದ್ದರು. ಸದ್ದು ಕೇಳಿದೊಡನೆ ನಾನು ಪಂಪು ಹೋಗಿದೆ ಅಂದೆ. ಸದ್ದು ಕೇಳಿ ರೋಗ ಹೇಳೋದರಲ್ಲಿ ನಮ್ಮ ಆಫೀಸಿನಲ್ಲೇ ನಾನು ಫೇಮಸ್. ಪಂಪು ಬಿಚ್ಚಿದೆ, ಹೊಸದು ಹಾಕಿದೆ. ಗುರ್ ಗುರ್. ಮೋಟಾರಿನ ಸ್ಕ್ರೂ ಬಿಗಿ ಮಾಡಿದೆ. ಗುರ್ ಗುರ್. ಕೊನೆಗೆ ಪ್ಲಗ್ಗೇ ಕಿತ್ತೆ. ಕರೆಂಟೇ ಇಲ್ಲದ ಫಿಲ್ಟರ್ ಗುರ್ ಗುರ್ ಅನ್ನುತ್ತಿದೆ!

ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿದೆ. ಚಪ್ಪಟೆ ಮೂಗಿನ ಒಂದು ಪಗ್ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿತ್ತು. ಈ ಜಾತಿಗೆ ಉಸಿರಾಡೋದೇ ದೊಡ್ಡ ಕೆಲಸವಂತೆ, ಬಿಸಿಲು ಬಿದ್ದರೆ ಇನ್ನೂ ಕಷ್ಟವಂತೆ. ಟೆರೇಸಿಗೆ ಅಂತೂ ಆಗೋದಿಲ್ಲ ಅಂತ ಅಲ್ಲೇ ಲೆಕ್ಕದಿಂದ ತೆಗೆದೆ.

ಮನೆಯವರಿಗೆ ಕರೆದು ತೋರಿಸಿದೆ. ಅವರು ನಾಯಿಯನ್ನು ನೋಡಿದರು, ನನ್ನನ್ನು ನೋಡಿದರು.

"ಅದನ್ನೂ ಸರ್ವೀಸ್ ಮಾಡ್ತೀರಾ?"

ತಲೆಗೂದಲು

ತಿಂಗಳು ಮುಗಿಯಲು ಇನ್ನು ಆರೇ ದಿನ. ಹಾಸ್ಟೆಲ್ಲಿನಲ್ಲಿ ಆಗಲೇ ಗೋಡೆಗೆ ಗುಲಾಬಿ ಬಣ್ಣ ಹೊಡೆಯುತ್ತಿದ್ದರು, ನನ್ನ ಹಾಸಿಗೆಯ ಮೇಲೂ ನಾಲ್ಕು ಹನಿ. ಸಣ್ಣ ನಾಯಿಯೇ ವಾಸಿ ಅಂತ ಕಾಕು ಹೇಳಿದ್ದರಿಂದ, ಸೈನಿಕಪುರಿಯ ಒಬ್ಬ ರಿಟೈರ್ಡ್ ಟೀಚರಮ್ಮನ ಮನೆಯ ಶಿಟ್ಜು ನೋಡಲು ಹೋದೆ. ಕೂದಲು ನೆಲ ಗುಡಿಸುತ್ತಿತ್ತು. ಮುಂಭಾಗ ಯಾವುದು, ಹಿಂಭಾಗ ಯಾವುದು ಗೊತ್ತಾಗದೆ ಒಂದೈದು ನಿಮಿಷ ಬಾಲಕ್ಕೆ ಬಿಸ್ಕತ್ತು ಹಿಡಿದಿದ್ದೆ.

ದಿನಾ ಬಾಚಬೇಕು, ಕಣ್ಣು ಒರೆಸಬೇಕು, ತಿಂಗಳಿಗೊಮ್ಮೆ ಕಟಿಂಗ್. ಅವತ್ತೇ ಕಟಿಂಗಿನವನು ಕತ್ತರಿ, ಶಾಂಪೂ, ಡ್ರೈಯರ್ ಹೊತ್ತುಕೊಂಡು ಬಂದಿದ್ದ. ನನಗೆ ತಡೆಯಲಾಗಲಿಲ್ಲ.

"ಮೇಡಂ, ನಮ್ಮೂರ ನಾಯಿಗಳು ಕೆರೆಗೆ ಇಳಿದು ತಾವೇ ಸ್ನಾನ ಮಾಡ್ತಾವೆ. ಇಷ್ಟೆಲ್ಲ ಯಾಕೆ?"

ಟೀಚರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬಾಬೂ, ನೀನು ಕಟಿಂಗ್ ಮಾಡಿಸಿ ಎಷ್ಟು ದಿನ ಆಯ್ತು?"

ಟೀಚರು ಟೀಚರೇ. ತಲೆ ತಗ್ಗಿಸಿ, "ಮೂರು ತಿಂಗಳು" ಅಂದೆ.

"ಕೂತ್ಕೋ."

ಅದೇ ಸ್ಟೂಲು, ಅದೇ ಕತ್ತರಿ. ನಾಯಿ ಎದುರಿಗೆ ಕೂತು, ತನ್ನ ಸರದಿ ಮುಗಿದವರ ಠೀವಿಯಲ್ಲಿ ನನ್ನನ್ನು ನೋಡುತ್ತಿತ್ತು. ಕಟಿಂಗಿನವನು ಕೊನೆಗೆ ಡ್ರೈಯರ್ ಹಿಡಿದು, ಕಿವಿಯ ಹಿಂದೆ ಪೌಡರ್ ಹಾಕಿ, ಅಭ್ಯಾಸಬಲದಿಂದ ಗಲ್ಲ ತಟ್ಟಿ, "ಗುಡ್ ಬಾಯ್" ಅಂದ.

ಸಿಟ್ಟಿನಿಂದ ಕುದಿಯುತ್ತಾ ಕುಷಾಯಿಗೂಡಕ್ಕೆ ಹೋದೆ. ಕಾಕು ಬಾಗಿಲಲ್ಲೇ ನಿಂತು ಮೂಗರಳಿಸಿದರು. "ಏನಪಾ, ಘಮಾ ಘಮಾ ಅನ್ನಾಕತ್ತೀ! ಕಟಿಂಗ್ ಭಾಳ ಛಂದ ಆಗೇತಿ. ಯಾವ ಅಂಗಡಿ ಅದು? ನಿಮ್ಮ ಕಾಕಾನ್ನೂ ಕಳಸ್ತೀನಿ."

ನಮ್ಮ ದೇಶಿ

ಇನ್ನು ಈ ವಿದೇಶಿ ಜಾತಿಗಳ ಸಹವಾಸ ಸಾಕು ಅಂತ ತೀರ್ಮಾನಿಸಿದೆ. ಕಾಕಾರ ಓಣಿಯ ಮೂಲೆಯಲ್ಲೇ, ಟೀ ಬಂಡಿಯ ಹತ್ತಿರ, ಕಂದು ಬಣ್ಣದ ಒಂದು ಬೀದಿನಾಯಿ ಇತ್ತು. ಮುನ್ಸಿಪಾಲ್ಟಿಯವರಿಂದ ಸೂಜಿ ಚುಚ್ಚಿಸಿಕೊಂಡು, ಕಿವಿಗೆ ಗುರುತು ಹಾಕಿಸಿಕೊಂಡು ಸಂಸಾರಸ್ಥನಂತೆ ಬದುಕುತ್ತಿತ್ತು. ಎರಡು ನಿಮಿಷ ಅದರ ಮುಂದೆ ನಿಂತೆ. ಗುಣ ತಿಳಿಯಿತು. ಕಾಕಾ ಕಾಕು ಮುಂದೆ ಭಾಷಣವನ್ನೇ ಮಾಡಿದೆ.

"ನೋಡ್ರಿ ಕಾಕಾರ, ಎಸಿ ಬ್ಯಾಡ, ಪಾರ್ಲರ್ ಬ್ಯಾಡ, ರೊಟ್ಟಿ ಹಾಕಿದರ ರೊಟ್ಟಿ, ಅನ್ನ ಹಾಕಿದರ ಅನ್ನ. ಈ ಬಿಸಲಾಗ ಹುಟ್ಟಿದ್ದು, ಈ ಬಿಸಲು ತಡಕೊಂತೈತಿ. ಮಂಗ್ಯಾ ಬರಲಿ, ಇದು ಏನು ಮಾಡತೈತಿ ನೀವ ನೋಡ್ರಿ!"

ಟೆರೇಸಿಗೆ ಹತ್ತಿಸಿದೆವು. ಕಾಕು ಹಪ್ಪಳ ಒಣಹಾಕಿದರು. ಮೂವರೂ ಮೆಟ್ಟಿಲ ಬಾಗಿಲ ಹಿಂದೆ ನಿಂತೆವು. ಹತ್ತು ಗಂಟೆಗೆ ಮಂಗಗಳು ಬಂದವು, ಏಳು.

ನಾಯಿ ಒಂದು ಕಣ್ಣು ತೆರೆದು ನೋಡಿತು. ಮಂಗಗಳ ಹಿರಿಯ ಹತ್ತಿರ ಬಂದು ಕೂತ. ನಾಯಿ ಬೆನ್ನು ತಿರುಗಿಸಿ ಮಲಗಿತು. ಆ ಮಂಗ ನಿಧಾನವಾಗಿ ಅದರ ಮೈಯ ಉಣ್ಣೆ ಹೆಕ್ಕಲು ಶುರು ಮಾಡಿತು. ನಾಯಿ ಸುಖದಿಂದ ಕಾಲು ಮೇಲೆತ್ತಿತು. ಉಳಿದ ಆರು ಸಾಲಾಗಿ ಕೂತು ಹಪ್ಪಳ ತಿಂದವು. ಒಂದು ಹಪ್ಪಳ ನಾಯಿಗೂ ಸಿಕ್ಕಿತು.

"ಭಾಳ ತಣ್ಣನ ಸ್ವಭಾವ" ಅಂದರು ಕಾಕಾ.

ನನ್ನ ರೂಮು ಕಣ್ಣೆದುರೇ ಹಪ್ಪಳದ ಜತೆ ಹೋಗುತ್ತಿತ್ತು. ತಲೆ ಕೆಟ್ಟಿತು. ಅಲ್ಲಿದ್ದ ಸ್ಟೀಲ್ ತಟ್ಟೆ ಕಿತ್ತುಕೊಂಡು, ಸ್ಪ್ಯಾನರಿನಿಂದ ಬಡಿಯುತ್ತಾ, ನಮ್ಮ ಹೊಲದಲ್ಲಿ ಹಂದಿ ಓಡಿಸೋ ಕೂಗು ಹಾಕಿ ನುಗ್ಗಿದೆ. "ಹುರ್ರ್ ಹೋ! ಹೋ! ಹೋ!" ನೀರಿನ ಟ್ಯಾಂಕು ಹತ್ತಿದೆ, ಆ ಕಡೆ ಜಿಗಿದೆ, ಒಣಹಾಕಿದ್ದ ಕಾಕಾರ ಪಂಚೆ ಬೀಸಿದೆ. ಮಂಗಗಳು ಎರಡು ಮನೆ ಆಚೆ ಹೋಗಿಯೂ ನಿಲ್ಲಲಿಲ್ಲ. ನಾಯಿ ಎದ್ದು, ನಿದ್ದೆ ಕೆಡಿಸಿದ್ದಕ್ಕೆ ನನ್ನನ್ನು ಅಸಹ್ಯದಿಂದ ನೋಡಿ, ಮೆಟ್ಟಿಲಿಳಿದು ಟೀ ಬಂಡಿಗೆ ಹೊರಟುಹೋಯಿತು.

ಮೂರು ದಿನ ಮಂಗಗಳ ಸುಳಿವಿಲ್ಲ. ನಾಲ್ಕನೇ ದಿನ, ಇನ್ನು ಉಳಿದದ್ದು ಒಂದೇ ದಿನ, ಕೊನೆಯ ಸಲ ಕೇಳಿ ನೋಡೋಣ ಅಂತ ಹೋದೆ. ಕಾಕು ಧಾರವಾಡದ ಅಕ್ಕನ ಜತೆ ಫೋನಿನಲ್ಲಿದ್ದರು, ಸ್ಪೀಕರ್ ಹಾಕಿ.

"ನಾಯಿ ತರ್ತೀವಿ ಅಂದಿದ್ರಲ್ಲ, ಏನಾತು?" ಅಂತು ಅಕ್ಕನ ದನಿ.

"ನಾಯಿ ಬ್ಯಾಡ ಅಂತ ಬಿಟ್ಟಿವಿ ಅಕ್ಕಾ. ಒಬ್ಬ ಹುಡುಗನ್ನ ಇಡಾಕತ್ತೀವಿ."

"ಅಯ್ಯ, ಬ್ಯಾಚಲರ್? ತ್ರಾಸ ಕೊಟ್ಟಾನವಾ!"

"ಇಲ್ಲಕ್ಕಾ, ನಾಯಿಗಿಂತ ಭಾಳ ಸಲೀಸು. ಹಳ್ಳಿಯಾವ. ಬಿಸಲು ತಡಕೊಂತಾನ. ಊಟ ಹೊರಗ. ಸ್ನಾನ ತಾನ ಮಾಡ್ಕೊಂತಾನ. ದಿನಾ ವಾಕಿಂಗ್ ಕರಕೊಂಡು ಹೋಗೋದು ಬ್ಯಾಡ, ಮುಂಜಾನೆ ತಾನ ಹೋಗಿ ಸಂಜಿಗೆ ತಾನ ಬರ್ತಾನ. ಮಂಗ್ಯಾ ಓಡಸ್ತಾನ. ಮ್ಯಾಲ ಫಿಲ್ಟರ್ ಬ್ಯಾರೆ ರಿಪೇರಿ ಮಾಡ್ತಾನ."

"ಏನೂ ಕೆಟ್ಟ ಚಾಳಿ ಇಲ್ಲೇನು?"

ಕಾಕು ನನ್ನ ಕಡೆ ನೋಡಿದರು. ನಾನು ಎದೆ ಉಬ್ಬಿಸಿ ನಿಂತಿದ್ದೆ.

"ಬೊಗಳೋದು ಸ್ವಲ್ಪ ಜಾಸ್ತಿ" ಅಂದರು. "ಕಚ್ಚಂಗಿಲ್ಲ."

ಕಾಕಾ ಒಳಗಿನಿಂದ ಬಂದರು. ನನಗೆ ಕೊಟ್ಟದ್ದು ಇಷ್ಟು: ಟೆರೇಸಿನ ರೂಮಿನ ಕೀಲಿ, ಒಂದು ಸ್ಟೀಲ್ ತಟ್ಟೆ, ಒಂದು ಬಿದಿರಿನ ಕೋಲು.